ಬಾಡಿಗೆ ಮನೆಯ ಬಾವಿ ನೀರು

ಬಾಡಿಗೆಗೊಂದು ಮನೆಯಿದ್ದರೆ ಕೂತು ಉಣ್ಣಬಹುದು ಎಂದು ನನಗೆ ಹೇಳಿದವರು ಯಾರೆಂದು ನೆನಪಿಲ್ಲ. ಸಿಕ್ಕಿದರೆ ಎರಡು ಮಾತು ಕೇಳುವುದಿದೆ. ತೆಕ್ಕಟ್ಟೆಯಲ್ಲಿ ರವಿಕೆ ಹೊಲಿದೇ ಅರ್ಧ ಆಯುಷ್ಯ ಕಳೆದವಳು ನಾನು. ಮುಂದೆ ಕಣ್ಣು ಮಂಜಾದರೆ ಏನು ಗತಿ ಎಂಬ ಹೆದರಿಕೆಗೆ ಬಳೆ ಮಾರಿ, ಕುಂದಾಪುರದ ಹೊಳೆಯ ಬದಿಯಲ್ಲಿ ಒಂದು ಹಂಚಿನ ಮನೆ ಕೊಂಡೆ. ಯಾರಿಗಾದರೂ ಕೊಟ್ಟು, ತಿಂಗಳಿಗೊಮ್ಮೆ ಹೋಗಿ ಬಂದರಾಯಿತು ಅಂದುಕೊಂಡಿದ್ದೆ.

ಕೊಳ್ಳುವಾಗ ಕಣ್ಣು ಮುಚ್ಚಿಕೊಂಡೇನೂ ಕೊಳ್ಳಲಿಲ್ಲ. ಮಾಡಿನ ಮರದ ಪಕಾಸು ತಟ್ಟಿ ನೋಡಿದೆ, ಗೆದ್ದಲು ಹುಡುಕಿದೆ, ಒಡೆದ ಹಂಚು ಎಣಿಸಿದೆ. ನನ್ನ ತವರು ಶಂಕರನಾರಾಯಣದ ಕಡೆ. ಅಲ್ಲಿ ಮನೆ ನೋಡಲು ಹೋದವರು ಮೊದಲು ಬಾವಿಗೆ ಬಗ್ಗಿ, ಬೇಸಿಗೆಯಲ್ಲಿ ತಳ ಕಾಣುತ್ತದೆಯೇ ಎಂದು ಕೇಳುತ್ತಾರೆ. ನಾನೂ ದಲ್ಲಾಳಿಯನ್ನು ಅದನ್ನೇ ಕೇಳಿದೆ.

"ಈ ಬಾಮಿಯಾ? ಇದ್ ಖಾಲಿ ಆದ್ದೇ ಇಲ್ಲೆ ಅಕ್ಕ" ಎಂದು ಅವನು ಒಂದು ಕೊಡ ನೀರು ಸೇದಿಯೇ ಕೊಟ್ಟ. ದೀಪಾವಳಿ ಕಳೆದ ಹೊಸತು, ನೀರು ಎಳನೀರಿನ ಹಾಗಿತ್ತು. ಅವನು ಹೇಳಿದ್ದು ಸುಳ್ಳಲ್ಲ. ಶಿವರಾತ್ರಿ ಕಳೆದ ಮೇಲೂ ಬಾವಿ ತುಂಬ ನೀರಿತ್ತು, ಬಾಯಿಗಿಡಲಾಗದ ಉಪ್ಪು ನೀರು. ಸಮುದ್ರದ ನೀರು ಹೊಳೆಗೆ ಏರಿ ಬರುವ ಜಾಗದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ ಎಂದು ಘಟ್ಟದ ಬುಡದವಳಾದ ನನಗೆ ತೋಚಲೇ ಇಲ್ಲ.

ಮೊದಲು ಬಾಡಿಗೆಗೆ ಬಂದ ಗುಮಾಸ್ತರು ಅಷ್ಟರಲ್ಲೇ ನನ್ನನ್ನು ಹಣ್ಣು ಮಾಡಿದ್ದರು. ಚಿಲಕ ಬಿಗಿಯಾದರೆ ಫೋನು, ಹಂಚು ಸರಿದರೆ ಫೋನು, ಅಡುಗೆ ಮನೆಯಲ್ಲಿ ಹಲ್ಲಿ ಬಿದ್ದರೂ ಫೋನು. "ಹಲ್ಲಿ ನಾನ್ ಸಾಕಿದ್ದಲ್ಲ ಮಾರಾಯ್ರೆ" ಅಂದಿದ್ದೆ ಒಮ್ಮೆ. ಕೊನೆಗೆ ಬೇಳೆ ಬೇಯದೆ, ಸೋಪಿಗೆ ನೊರೆ ಬಾರದೆ, ಏಪ್ರಿಲ್‌ನಲ್ಲಿ ಅವರು ಗಂಟುಮೂಟೆ ಕಟ್ಟಿದರು. ನಲ್ಲಿ ನೀರಿನ ಪೈಪು ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಆ ಮಳೆಗಾಲ ಪೂರ್ತಿ ಮನೆಗೆ ಬೀಗ. ಬಾಗಿಲು ತೆಗೆದಾಗಲೆಲ್ಲ ಬೂಸಲು ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹೀಗೇ ಇನ್ನೊಂದು ವರ್ಷ ಖಾಲಿ ಬಿದ್ದರೆ ಗೋಡೆಯೂ ಉಳಿಯುವುದಿಲ್ಲ ಎಂದು ನನಗೆ ಕೈಕಾಲು ಆಡದಂತಾಯಿತು.

ನವೆಂಬರಿನಲ್ಲಿ ಒಂದು ಜೋಡಿ ಬಂತು. ಗಂಡ ವಯರಿಂಗ್ ಕೆಲಸದವನು, ಹೆಂಡತಿಗೆ ಐದು ತಿಂಗಳು. ಆಸ್ಪತ್ರೆ ಹತ್ತಿರವಿರಲಿ, ಬಾಣಂತನವೂ ಇಲ್ಲೇ ಆಗಲಿ ಎಂದು ಮನೆ ಹುಡುಕುತ್ತಿದ್ದರು. ಊರು ಕೇಳಿದರೆ ನನ್ನ ತವರಿನಿಂದ ಎರಡೇ ಮೈಲಿ, ಹಾಗೆಂದು ಅವರಿಗೂ ಹೇಳಿದೆ. ಗಂಡ ಗೋಡೆಯ ಸ್ವಿಚ್ಚು ನೋಡುತ್ತಿದ್ದಾಗ ಆ ಹುಡುಗಿ ಸೀದಾ ಹಿತ್ತಿಲಿಗೆ ಹೋಗಿ ಬಾವಿಗೆ ಬಗ್ಗಿದಳು.

"ಬ್ಯಾಸ್ಗಿಲ್ ನೀರ್ ಖಾಲಿ ಆತ್ತಾ ಅಕ್ಕ?"

"ಇದ್ ಖಾಲಿ ಆದ್ದೇ ಇಲ್ಲೆ" ಅಂದೆ. ದಲ್ಲಾಳಿಯ ಮಾತು, ಒಂದು ಅಕ್ಷರ ಬದಲಿಸದೆ, ನನ್ನ ಬಾಯಿಂದ ಬಂತು.

ಅವರು ಹಾಲುಕ್ಕಿಸಿ ಒಳಗೆ ಬಂದರು. ನನ್ನ ನೆಮ್ಮದಿ ಹೊರಗೆ ಹೋಯಿತು. ಬಾಣಂತಿಗೂ ಶಿಶುವಿಗೂ ದಿನಕ್ಕೆ ಎಷ್ಟು ಹಂಡೆ ನೀರು ಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾರ್ಚಿನಲ್ಲಿ ಹೆರಿಗೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಯಾವ ನೀರು ಎರೆಯುತ್ತಾರೆ? ಹೊಲಿಗೆ ಮೆಷಿನ್ ಮುಂದೆ ಕೂತರೆ ಇದೇ ಯೋಚನೆ. ಬ್ರಹ್ಮಾವರದ ಮದುವೆಯೊಂದರ ರವಿಕೆಗೆ ಎರಡೂ ಎಡಗೈ ತೋಳು ಹಚ್ಚಿಟ್ಟು ಬೈಸಿಕೊಂಡೆ.

ವಾರಕ್ಕೊಮ್ಮೆ ಏನಾದರೂ ನೆವ ಮಾಡಿ ಬಸ್ಸು ಹತ್ತುತ್ತಿದ್ದೆ. ಒಮ್ಮೆ ಬಾಗಿಲ ತಿರುಗಣೆಗೆ ಎಣ್ಣೆ, ಒಮ್ಮೆ ಬಸುರಿಗೆಂದು ಮಾವಿನ ಮಿಡಿ. ಹಿತ್ತಿಲಿಗೆ ಹೋಗಿ ಒಂದು ಬೊಗಸೆ ನೀರು ಕುಡಿದು, ಇನ್ನೂ ಸಿಹಿ ಇದೆ ಎಂದು ಸಮಾಧಾನ ಮಾಡಿಕೊಂಡು ತಿರುಗಿ ಬರುತ್ತಿದ್ದೆ. ಬಸ್ಸಿನಲ್ಲಿ ಸಿಟ್ಟು ಬರುತ್ತಿತ್ತು. ನನಗೆ ಯಾರು ಹೇಳಿದ್ದರು? ಲೋಕದಲ್ಲಿ ನಾನೊಬ್ಬಳೇ ಯಾಕೆ ಸತ್ಯವಂತೆ ಆಗಬೇಕು? ತೆಕ್ಕಟ್ಟೆಯಲ್ಲಿ ಇಳಿಯುವಷ್ಟರಲ್ಲಿ ಆ ಸಿಟ್ಟು ಕೂಡ ಉಳಿಯುತ್ತಿರಲಿಲ್ಲ, ಬರೀ ನಾಚಿಕೆ ಆಗುತ್ತಿತ್ತು.

ಶಿವರಾತ್ರಿಗೆ ಹತ್ತು ದಿನವಿರುವಾಗ ನಾಲಗೆಯ ತುದಿಗೆ ಉಪ್ಪು ತಾಗಿತು. ಒಳಗೆ ಬಂದು ಅವಳ ಎದುರು ನೆಲದ ಮೇಲೆ ಕೂತೆ.

"ಹೆಣ್ಣೇ, ಈ ಬಾಮಿ ನೀರ್ ಇನ್ ಉಪ್ಪ್ ಆತ್ತ್. ಮಳಿ ಬಪ್ಪಲ್ಲಿವರಿಗೂ ಹಾಂಗೇ. ನಂಗ್ ಮೊದ್ಲೇ ಗೊತ್ತಿತ್ತ್."

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಂಗೂ ಗೊತ್ತಿತ್ತ್ ಅಕ್ಕ. ಬಂದ ಎಂಟ್ ದಿನಕ್ಕೇ ಆಚಿಮನಿಯವ್ರ್ ಹೇಳಿದ್ರ್. ನೀವ್ ವಾರ ವಾರ ಬಾಮಿ ಹತ್ರ ಹೋಪ್ದ್ ಕಾಂತಿದ್ದೆ. ಇವತ್ತ್ ಹೇಳ್ತ್ರಿ, ಇವತ್ತ್ ಹೇಳ್ತ್ರಿ ಅಂದೇಳಿ ಕಾದೆ."

ನನ್ನ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಮುಂಗಡ ಪೂರ್ತಿ ತಿರುಗಿ ಕೊಡುತ್ತೇನೆ, ಬೇರೆ ಮನೆ ನಾನೇ ಹುಡುಕಿ ಕೊಡುತ್ತೇನೆ, ಅಲ್ಲಿಯತನಕ ಆಟೋದಲ್ಲಿ ದಿನವೂ ಸಿಹಿ ನೀರು ತರಿಸುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಅದೆಲ್ಲ ಅವ್ರ ಹತ್ರ ಹೇಳಿ. ಅವ್ರಿಗೆ ಗೊತ್ತಿಲ್ಲೆ. ನಂಗ್ ಹೇಳುಕ್ ಆಯ್ಲಿಲ್ಲೆ" ಎಂದಳು.

ಅವಳ ಗಂಡ ಬರಲೆಂದು ಜಗಲಿಯಲ್ಲಿ ಒಂದು ಗಂಟೆ ಕಾದೆ. ಎರಡು ಸಲ ಎದ್ದು ಗೇಟಿನವರೆಗೆ ಹೋದೆ, ಎರಡು ಸಲವೂ ತಿರುಗಿ ಬಂದೆ. ಸಂಜೆ ಅವನು ಬೈಕು ನಿಲ್ಲಿಸಿದವನೇ "ಹ್ವಾಯ್, ಎಂತ ಅಕ್ಕ, ಹೊರಗೇ ಕೂತಿದ್ರಿ? ಚಾ ಆಯ್ತಾ?" ಎಂದು ನಗುತ್ತ ಮೆಟ್ಟಿಲು ಹತ್ತಿದ. ಅವನು ಚಪ್ಪಲಿ ಬಿಡುವುದರೊಳಗೆ ಎಲ್ಲವನ್ನೂ ಹೇಳಿ ಮುಗಿಸಿದೆ.

ಬೈದಿದ್ದರೆ ಒಳ್ಳೆಯದಿತ್ತು. ಬಾಯಲ್ಲಿ ನಾನೇನು ಕಮ್ಮಿಯವಳಲ್ಲ, ಎರಡು ಮಾತು ತಿರುಗಿ ಆಡಿಯಾದರೂ ಹಗುರಾಗುತ್ತಿದ್ದೆ. ಅವನು ಒಳಗೆ ಕೂತ ಹೆಂಡತಿಯ ಹೊಟ್ಟೆಯ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ:

"ನೀವ್ ನಮ್ಮ ಬದಿಯವ್ರ್ ಅಂದೇಳಿ ನಾನ್ ಬೇರೆ ಮನಿ ಕಾಂಬುಕೇ ಹೋಯ್ಲಿಲ್ಲೆ ಅಕ್ಕ."