ಹಸಿ ಮೊಟ್ಟೆಯ ಆಸೆ

ನನಗೆ ಹಸಿ ಮೊಟ್ಟೆ ಕುಡಿಯುವ ಆಸೆಯಿದೆ. ಇದನ್ನು ಗಟ್ಟಿಯಾಗಿ ಹೇಳುವಂತಿಲ್ಲ, ಏಕೆಂದರೆ ಕೋಳಿ ಫಾರಂಗಳಿಂದ ಬಂದ ಮಾದರಿಗಳಲ್ಲಿ ಸಾಲ್ಮೊನೆಲ್ಲಾ ಹುಡುಕುವುದೇ ಮೈಸೂರಿನ ಲ್ಯಾಬಿನಲ್ಲಿ ನನ್ನ ಹೊಟ್ಟೆಪಾಡು. ಕ್ರಿಮಿ ಬೆಳೆಸುವ ಕೆಂಪು ತಟ್ಟೆಯ ಮೇಲೆ ಅದು ಮಗುವಿನ ದೃಷ್ಟಿಬೊಟ್ಟಿನಂತೆ ಕಪ್ಪಗೆ ಮೂಡುತ್ತದೆ. ನೋಡಲು ಮುದ್ದು, ಹೊಟ್ಟೆಗಿಳಿದರೆ ಜ್ವರ, ಭೇದಿ. ಅದರಲ್ಲೂ ನಮ್ಮ ಹಾಗೆಯೇ ನೂರೆಂಟು ಒಳಪಂಗಡ. ಕೆಲವು ಕೋಳಿಯನ್ನೇ ಕೊಲ್ಲುತ್ತವೆ, ಕೆಲವು ಕೋಳಿಗೆ ಏನೂ ಮಾಡದೆ ತಿಂದವರನ್ನು ಮಲಗಿಸುತ್ತವೆ.

ನಮ್ಮೂರು ಮಿರ್ಲೆಯಲ್ಲಿ ನಾನು ಮೈನೆರೆದಾಗ ದೊಡ್ಡವ್ವ, ಅಂದರೆ ಅಮ್ಮನ ಅಕ್ಕ, ದಿನಾ ಬೆಳಿಗ್ಗೆ ಬಿಸಿ ಆರದ ನಾಟಿ ಮೊಟ್ಟೆ ತಂದು, ಗಲ್ಲ ಹಿಡಿದು ಬಾಯಿಗೆ ಸುರಿದು, ಹಿಂದೆಯೇ ಎಳ್ಳೆಣ್ಣೆ ಕುಡಿಸುತ್ತಿದ್ದಳು. "ಸೊಂಟ ಗಟ್ಟಿಯಾಯ್ತದೆ, ಮೂಗು ಮುಚ್ಕೊಂಡು ಕುಡಿ ಕಣವ್ವ." ಆಗ ವಾಕರಿಕೆ ಬರುತ್ತಿತ್ತು. ಈಗ ಆ ಒರಟು ಅಂಗೈ ನೆನೆದು ನನ್ನ ಗಲ್ಲವನ್ನು ನಾನೇ ಸವರಿಕೊಳ್ಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿಗೆ ಹೋದಾಗಲೂ ಮೊಟ್ಟೆ ಹಿಡಿದು ಬಂದಳು. ಹಸಿ ಮೊಟ್ಟೆಯಲ್ಲಿ ಕ್ರಿಮಿಯಿರುತ್ತದೆ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು ಎಂದು ಹೊಸ ವಿದ್ಯೆಯ ಅಮಲಿನಲ್ಲಿ ನಾನೊಂದು ಭಾಷಣ ಬಿಗಿದೆ. "ಬುಡವ್ವ, ಓದಿರೋಳು ಹೇಳ್ತೀಯ" ಎಂದು ಮೊಟ್ಟೆ ಒಳಗಿಟ್ಟಳು. ಆಮೇಲೆ ಎಷ್ಟು ಸಲ ಹೋದರೂ ಮೊಟ್ಟೆ ತರಲಿಲ್ಲ, ಗಲ್ಲವನ್ನೂ ಹಿಡಿಯಲಿಲ್ಲ.

ಬಾಯಿಬಿಟ್ಟು ಕೇಳಲು ನಾಚಿಕೆ. ಹಾಗಾಗಿ ಹೋದ ತಿಂಗಳು ಕಳ್ಳತನಕ್ಕಿಳಿದೆ. ಅವಳ ಮನೆಯಲ್ಲಿ ಮೊಟ್ಟೆಯಿಡುವುದು ಒಂದೇ ಕೆಂಪು ಹ್ಯಾಟೆಕೋಳಿ. ಅದರ ಹಿಕ್ಕೆಯನ್ನು ಡಬ್ಬಿಯಲ್ಲಿ ಮುಚ್ಚಿ ಲ್ಯಾಬಿಗೆ ತಂದು ಪರೀಕ್ಷಿಸಿದೆ. ದೃಷ್ಟಿಬೊಟ್ಟು ಮೂಡಲಿಲ್ಲ. ಒಂದು ಸಲ ಕಾಣದಿದ್ದರೆ ಇಲ್ಲವೆಂದಲ್ಲ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನೇ, ಆದರೆ ಆಸೆಗೆ ಅಷ್ಟು ಸಾಕಾಯಿತು. ಭಾನುವಾರ ಬರುತ್ತೇನೆಂದು ಫೋನು ಮಾಡಿ, ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದೆ.

ಬಾಗಿಲಲ್ಲೇ ಮಸಾಲೆಯ ಘಮ ಬಂತು.

"ಮೊಟ್ಟೆಯಂತೂ ನಿಂಗೆ ಒಗ್ಗಕಿಲ್ಲ. ಅದ್ಕೇ ಆ ಹ್ಯಾಟೇನೇ ಕುಯ್ದೆ" ಎಂದಳು ದೊಡ್ಡವ್ವ. "ನೀ ಹೇಳ್ದಂಗೇ ಚೆನ್ನಾಗಿ ಬೇಯ್ಸಿವ್ನಿ. ಒಂದು ಹುಳಾನೂ ಉಳ್ದಿರಕಿಲ್ಲ."

ಉರು ಹೊಡೆದ ಮಾತು ನುಂಗಿ ಮುದ್ದೆ ಮುರಿದೆ. ಪರೀಕ್ಷೆಯಲ್ಲಿ ಪಾಸಾಗಿ ಸಾರಾದ ಕೋಳಿಯನ್ನು ತಿನ್ನುವ ಸಂಕಟ ಯಾರಿಗೂ ಬೇಡ. ಅಷ್ಟರಲ್ಲಿ ಅವಳು ಸಾರಿನೊಳಗೆ ಸೌಟಾಡಿಸಿ, ಹ್ಯಾಟೆಯ ಹೊಟ್ಟೆಯಲ್ಲಿದ್ದ ಚಿಪ್ಪು ಕಟ್ಟದ ಎಳೆ ಮೊಟ್ಟೆಯೊಂದನ್ನು ಹೆಕ್ಕಿದಳು. ಊದಿ ಆರಿಸಿ, ನನ್ನ ಗಲ್ಲ ಹಿಡಿದಳು.

"ಇದು ಬೆಂದದೆ ಕಣವ್ವ. ಬಾಯ್ ತಗಿ."

ಅಂಗೈ ಇನ್ನೂ ಒರಟಾಗಿಯೇ ಇತ್ತು. ಸಾಲ್ಮೊನೆಲ್ಲಾ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಗಲ್ಲ ಹಿಡಿಸಿಕೊಳ್ಳುವ ಆಸೆ ಮಾತ್ರ ಎಷ್ಟು ಬೇಯಿಸಿದರೂ ಸಾಯುವ ಜಾತಿಯದಲ್ಲ.