ಹೆಸರು ಓದದ ರೇಡಿಯೋ

ಮೊನ್ನೆ ಮಗಳು ಗಡಿಯಾರದ ಸೆಲ್ಲು ಬಿಚ್ಚಿ ಕಿಟಕಿಯ ಬಿಸಿಲಿಗಿಟ್ಟಿದ್ದಳು, ಇನ್ನೆರಡು ದಿನವಾದರೂ ಓಡಲಿ ಅಂತ. ಈ ಜಿಪುಣತನ ಎಲ್ಲಿಂದ ಬಂತೋ ಅಂತ ಬೈಯಲು ಹತ್ತಿರ ಹೋದೆ. ಕಾದ ಸೆಲ್ಲಿನ ಒಗರು ವಾಸನೆ ಮೂಗಿಗೆ ಹತ್ತಿತು... ಮುಳಬಾಗಿಲಿನ ವಠಾರದ ಪಕ್ಕದ ಮನೆಯ ಅಕ್ಕ ನೆನಪಾದರು. ಶನಿವಾರವೆಲ್ಲ ಅವರ ಕಾಂಪೌಂಡ್ ಗೋಡೆಯ ಮೇಲೆ ಸೆಲ್ಲು ಕಾಯುತ್ತಿದ್ದವು. ಭಾನುವಾರ ಬೆಳಗ್ಗೆ ರೇಡಿಯೋ ಕೈಕೊಡಬಾರದು, ಅಷ್ಟೆ.

ನಾನು ಮದುವೆಯಾಗಿ ಆ ವಠಾರಕ್ಕೆ ಬಂದದ್ದು ತೊಂಬತ್ತರ ದಶಕದಲ್ಲಿ. ಅಕ್ಕನ ಗಂಡ ಅದಕ್ಕೂ ಮೊದಲೇ ಮನೆ ಬಿಟ್ಟಿದ್ದರು. ದೊಡ್ಡ ಜಗಳವೇನಲ್ಲ. ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ರೇಡಿಯೋ ಮುಂದೆ ಕೂತು ಹಾಡು ಕೇಳೋದು ಬಿಟ್ಟರೆ ಇವರಿಂದ ಇನ್ನೇನೂ ಆಗಲ್ಲ ಅಂತ ಅಕ್ಕ ಅಂದುಬಿಟ್ಟರಂತೆ. ಅವರು ಎಲೆಯ ಮುಂದಿನಿಂದ ಎದ್ದು, ಚಪ್ಪಲಿ ಮೆಟ್ಟಿ ಹೋದವರು ಹೋದರು. ಮಾಲೂರಿನ ಇಟ್ಟಿಗೆ ಗೂಡಿನಲ್ಲಿದ್ದಾರೆ ಅಂತ ಒಬ್ಬರು, ಗೌನಿಪಲ್ಲಿಯ ಮಾವಿನ ತೋಟದಲ್ಲಿ ಕಂಡೆ ಅಂತ ಇನ್ನೊಬ್ಬರು. ಅಕ್ಕ ಎರಡೂ ಕಡೆ ಹುಡುಕಿ ಬಂದರು, ಸಿಗಲಿಲ್ಲ. ಎಲ್ಲಿದ್ದರೂ ರೇಡಿಯೋ ಬಿಟ್ಟಿರುವ ಆಸಾಮಿಯಲ್ಲ ಅನ್ನುವುದೊಂದೇ ಅವರಿಗೆ ಉಳಿದ ಧೈರ್ಯ.

ಆಗ ಕೋಲಾರದಿಂದ ನಮ್ಮ ಭಾಗಕ್ಕಷ್ಟೇ ಕೇಳಿಸುವ ಒಂದು ಪುಟ್ಟ ರೇಡಿಯೋ ಕೇಂದ್ರವಿತ್ತು. ಭಾನುವಾರದ ಕೋರಿಕೆ ಕಾರ್ಯಕ್ರಮಕ್ಕೆ ಜನ ಕಾರ್ಡು ಹಾಕುತ್ತಿದ್ದರು. ಹಾಡು ಯಾವುದಾದರೇನು, ಮುಖ್ಯವಾದದ್ದು ಹೆಸರುಗಳು. ತೊಟ್ಟಿಲ ಕೂಸಿನಿಂದ ಅಜ್ಜಿಯವರೆಗೆ ಮನೆಮಂದಿಯ ಹೆಸರೆಲ್ಲ ಬರೆಯಬೇಕು, ಅಲ್ಲಿರುವ ಹುಡುಗಿ ಒಂದನ್ನೂ ಬಿಡದೆ ಓದಬೇಕು. ಅಕ್ಕನಿಗೆ ಕಾರ್ಡು ಬರೆದುಕೊಡುವುದು ನನ್ನ ಕೆಲಸ. ಅವರ ಹೆಸರು, ನನ್ನದು, ಕೊನೆಗೆ ಅವರ ಯಜಮಾನರದು. ಗಂಡನ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲವಲ್ಲ, ರೇಷನ್ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದ್ದರು.

"ನಾನಂತೂ ಹೆಸರು ಹಿಡಿದು ಕೂಗಂಗಿಲ್ಲ, ಆ ಹುಡುಗಿ ಕೂಗ್ಲಿ. ಕರೀತಿದೀನಿ ಅಂತ ಗೊತ್ತಾದ್ರೆ ಬರ್ತಾರೆ ಕಣೇ" ಅಂದಿದ್ದರು.

ರೇಡಿಯೋದಲ್ಲಿ ಆ ಹೆಸರು ಬಂದ ಕೂಡಲೇ ಅಕ್ಕ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗುತ್ತಿದ್ದರು. ಬಸ್ಸಾದರೂ ಸಿಗಬೇಡವೇ ಅಕ್ಕ, ಅಂತ ನಾನು ರೇಗಿಸುತ್ತಿದ್ದೆ. ನಗುತ್ತಿದ್ದರು. ಆದರೂ ಆ ದಿನ ಒಂದು ಪಾವು ಅಕ್ಕಿ ಹೆಚ್ಚೇ ಬೇಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಭಾನುವಾರ ಹೆಸರುಗಳೇ ಬರಲಿಲ್ಲ. ಹಾಡಿನ ಹಿಂದೆ ಹಾಡು. ಹಳೆಯದು, ಹೊಸದು, ಹಿಂದಿ, ತೆಲುಗು, ಎಲ್ಲ ಒಂದೇ ಎಲೆಯಲ್ಲಿ ಕಲಸಿಟ್ಟ ಹಾಗೆ. ನಡುನಡುವೆ ಯಾವನೋ ಒಬ್ಬ ನಗುನಗುತ್ತ ಮಾತಾಡುತ್ತಿದ್ದ. ಅವನಿಗೆ ಮುಳಬಾಗಿಲೂ ಗೊತ್ತಿಲ್ಲ, ಶ್ರೀನಿವಾಸಪುರವೂ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ವಠಾರದಲ್ಲಿ ಎಲ್ಲರಿಗೂ ಖುಷಿಯಾಯಿತು, ಊರವರ ಹೆಸರಿನ ಪಟ್ಟಿ ಕೇಳುವ ಕಾಟ ತಪ್ಪಿತು ಅಂತ. ಅಕ್ಕ ಮಾತ್ರ ಈ ವಾರ, ಮುಂದಿನ ವಾರ ಅಂತ ಕಾದು ಕಾದು, ಕೊನೆಗೆ ನನ್ನನ್ನು ಕರೆದುಕೊಂಡು ಕೋಲಾರದ ಬಸ್ಸು ಹತ್ತಿದರು.

ಕೇಂದ್ರದಲ್ಲಿ ಒಬ್ಬ ವಯಸ್ಸಾದ ಕಾವಲುಗಾರ ಬಿಟ್ಟರೆ ಯಾರೂ ಇಲ್ಲ. ಹಾಡು, ಮಾತು ಎಲ್ಲವೂ ಬೇರೆಲ್ಲೋ ತಯಾರಾಗಿ ಬರುತ್ತಂತೆ, ಹತ್ತಾರು ಊರಿಗೂ ಅದೇ ಒಂದು. ಹೆಸರು ಓದುವ ಹುಡುಗಿಯನ್ನು ಕೆಲಸದಿಂದ ಬಿಡಿಸಿದ್ದರು. ಆ ಕೋಣೆ ಒಮ್ಮೆ ನೋಡುತ್ತೇನೆ ಅಂದರು ಅಕ್ಕ. ಅವನು ಪಾಪ, ಬಾಗಿಲು ತೆಗೆದ. ಖಾಲಿ ಕುರ್ಚಿ, ಮೇಜಿನ ಮೇಲೆ ಮೈಕು. ಮೂಲೆಯ ಸ್ಪೀಕರಿನಲ್ಲಿ ಆ ಗಂಡಸು ಒಬ್ಬನೇ ನಗುತ್ತಿದ್ದ. ಅಕ್ಕ ಮೈಕಿನ ಹತ್ತಿರ ಬಾಗಿ, ಕಣ್ಣು ಮುಚ್ಚಿ, ಗಂಡನ ಹೆಸರು ಹೇಳಿದರು. ಜನ್ಮದಲ್ಲಿ ಮೊದಲ ಸಲ.

"ಊಟ ಅರ್ಧಕ್ಕೇ ಎದ್ದೋದ್ರಿ. ಬನ್ನಿ" ಅಂದರು.

ಆ ಮೈಕಿಗೆ ಕರೆಂಟೇ ಇಲ್ಲಮ್ಮ ಅಂತ ಕಾವಲುಗಾರ ಮೆಲ್ಲಗೆ ಹೇಳಿದ. ಅಕ್ಕ ಆಗಲೇ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದ್ದರು.

ಅದಾದ ಮೇಲೂ ಅವರು ರೇಡಿಯೋ ಆರಿಸಲಿಲ್ಲ. ನಡುವೆ ಯಾರಾದರೂ ಹೆಸರು ಹೇಳಿಬಿಟ್ಟರೆ ತಪ್ಪಿಹೋದೀತು ಅಂತ. ಜ್ವರ ಹಿಡಿದು ಮಲಗಿದಾಗಲೂ ಅದು ತಲೆದಿಂಬಿನ ಪಕ್ಕದಲ್ಲೇ ಹಾಡುತ್ತಿತ್ತು. ಪ್ರಾಣ ಹೋದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ರೇಡಿಯೋದಲ್ಲಿ ಅದೇ ಗಂಡಸು ಆ ಸಂಜೆ ಹೊತ್ತಿನಲ್ಲೂ ಎಲ್ಲರಿಗೂ ಶುಭ ಮುಂಜಾನೆ ಹೇಳಿ ನಕ್ಕ. ಇಂದಿಗೂ ಆ ನಗು ನನ್ನ ಬೆನ್ನು ಬಿಟ್ಟಿಲ್ಲ.

ವರ್ಷ ಕಳೆದ ಮೇಲೆ ಒಬ್ಬರು ವಠಾರಕ್ಕೆ ಬಂದು ಬೀಗ ಹಾಕಿದ ಆ ಬಾಗಿಲ ಮುಂದೆ ನಿಂತರು. ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಈ ಊರಿನವರೊಬ್ಬರು ಸಿಕ್ಕಿ ಸುದ್ದಿ ಹೇಳಿದರಂತೆ. ಒಳಗೆ ಕರೆದು ನೀರು ಕೊಟ್ಟೆ.

"ಪ್ರತಿ ವಾರ ಕೇಳ್ತಿದ್ದೆ ತಾಯಿ" ಅಂದರು. "ಮುಂದಿನ ವಾರ ಹೋಗಣ, ಮುಂದಿನ ವಾರ ಹೋಗಣ ಅಂತ ಧೈರ್ಯ ಮಾಡ್ಕೊತಿದ್ದೆ. ಒಂದಿನ ಹೆಸರು ನಿಂತೋಯ್ತು. ಅವಳಿಗೂ ಸಾಕಾಯ್ತೇನೋ ಅಂದ್ಕೊಂಡೆ."

ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮದೊಂದೇ ಅಲ್ಲ ಸ್ವಾಮಿ, ಜಿಲ್ಲೆಯಲ್ಲಿ ಎಲ್ಲರ ಹೆಸರೂ ನಿಂತಿತ್ತು ಅಂದೆ. ಅದು ಅವರಿಗೆ ಹೊಳೆದೇ ಇರಲಿಲ್ಲ. ಆ ಭಾನುವಾರವೇ ರೇಡಿಯೋ ತೆಗೆದು ಅಟ್ಟಕ್ಕೆ ಹಾಕಿದ್ದರಂತೆ. ಕೋಲಾರಕ್ಕೆ ಹೋದದ್ದು, ಆ ಮೈಕು, ಅಕ್ಕ ಹೇಳಿದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತೇನೋ.

"ಅವಳ ಬಾಯಲ್ಲಿ ನನ್ನ ಹೆಸರು ಹೆಂಗಿತ್ತಮ್ಮ?" ಅಂತ ಕೇಳಿದರು.

ಈಗ ಅವರೂ ಇಲ್ಲ, ಆ ಮುದಿ ಕಾವಲುಗಾರನೂ ಇರಲಾರ. ಆ ದನಿ ಕೇಳಿದವಳು ಉಳಿದಿರುವುದು ನಾನೊಬ್ಬಳೇ. ಆಟೋದಲ್ಲೋ ಅಂಗಡಿಯಲ್ಲೋ ರೇಡಿಯೋ ಹಾಡುತ್ತಿದ್ದರೆ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಆ ಚೂರು ಹೊತ್ತಿನಲ್ಲಿ ಈಗಲೂ ಕಿವಿ ನಿಮಿರುತ್ತದೆ... ಅಷ್ಟರಲ್ಲಿ ಮುಂದಿನ ಹಾಡು ಬಂದುಬಿಡುತ್ತದೆ. ಯಾರೂ ಯಾರನ್ನೂ ಕರೆಯುವುದಿಲ್ಲ.