ಎರಡು ಸಲ ಬಂದ ನಾಲ್ಕು

ಎರಡು ಅಂಕಿ ತಿದ್ದಿ ಒಬ್ಬ ಮನುಷ್ಯನನ್ನು ಜೈಲಿನ ಬಾಗಿಲಿಗೆ ನೂಕಬಹುದೆಂದು ನನಗೆ ತಿಳಿದಿರಲಿಲ್ಲ. ಸ್ವಾತಂತ್ರ್ಯ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸುವವರನ್ನು ಪೊಲೀಸರು ಊರೂರು ಹುಡುಕುತ್ತಿದ್ದ ಕಾಲ ಅದು.

ಗೋಕಾಕದ ಗೊಂಬೆಗಾರನೊಬ್ಬ ಮೂಡಲಗಿಯ ನಮ್ಮ ಶಾಲೆಗೆ ಆಗಾಗ ಬರುತ್ತಿದ್ದ. ಗೊಂಬೆಗಳ ಜೊತೆಗೆ ಆಟದ ಹಲಗೆಗಳನ್ನೂ ಬರೆಯುತ್ತಿದ್ದ: ಒಂಬತ್ತು ಮನೆ, ಮನೆಗೊಂದು ಪಕ್ಷಿ, ಪಕ್ಷಿಯ ಹೊಟ್ಟೆಯಲ್ಲೊಂದು ಅಂಕಿ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಹೇಗೆ ಕೂಡಿದರೂ ಹದಿನೈದು.

ಒಮ್ಮೆ ಹುಕ್ಕೇರಿಗೆ ಒಯ್ಯಲಿದ್ದ ಹಲಗೆಯನ್ನು ನನ್ನ ಮೇಜಿನ ಮೇಲಿಟ್ಟು ನೀರು ಕುಡಿಯಲು ಹೋದ. ಮೇಲೆ ನಾಲ್ಕು, ಎಂಟು, ಮೂರು; ನಡುವೆ ನಾಲ್ಕು, ಐದು, ಆರು; ಕೆಳಗೆ ಏಳು, ಎರಡು, ಆರು. ಒಂದರಿಂದ ಒಂಬತ್ತರವರೆಗಿನ ಪ್ರತಿ ಅಂಕಿಯೂ ಒಂದೇ ಸಲ ಬರಬೇಕೆಂಬುದು ನಾನು ಮಕ್ಕಳಿಗೆ ಕಲಿಸಿದ ನಿಯಮ. ಕೈ ತಡೆಯಲಿಲ್ಲ. ನಡುಸಾಲಿನ ನಾಲ್ಕನ್ನು ಹೊಡೆದು ಒಂದು, ಆರನ್ನು ಹೊಡೆದು ಒಂಬತ್ತು ಎಂದು ಕೆಂಪು ಶಾಯಿಯಲ್ಲಿ ಬರೆದೆ. ಆ ಸಾಲನ್ನಷ್ಟೇ ಕೂಡಿದೆ, ಹದಿನೈದು. ತೃಪ್ತನಾದೆ. ಅವನು ನೋಡದೆಯೇ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ.

ಮರುದಿನ ಪೊಲೀಸ್ ಫೌಜದಾರನು ಅವನ ಕೈಗೆ ಹಗ್ಗ ಕಟ್ಟಿ, ಹಲಗೆಯ ಲೆಕ್ಕ ನೋಡಿಸಲು ನಮ್ಮ ಶಾಲೆಗೇ ಕರೆತಂದ.

“ಎಲ್ಲಾ ಕಡಿ ಹದಿನೈದಂತ ಹೇಳ್ತಾನ್ರಿ ಮಾಸ್ತರ. ಕೂಡಿದ್ರ ಒಂದ್ ಕಡಿ ಹನ್ನೆರಡು, ಒಂದ್ ಕಡಿ ಹದಿನೆಂಟು. ಇದು ಆಟಲ್ಲ, ಗುಟ್ಟಿನ ಬರಹ. ಕೆಂಪು ಅಂಕಿ ಯಾರು ಬರದಾರಂದ್ರ ಬಾಯಿ ಬಿಡವೊಲ್ಲ. ಬೆಳಗಾವಿ ಜೇಲಿನಾಗ ಬಿಡ್ತಾನ.”

ಗೊಂಬೆಗಾರ ನನ್ನ ಕಡೆ ನೋಡಲಿಲ್ಲ. ಕೆಂಪು ಶಾಯಿಯ ದೌತಿ ಮೇಜಿನ ಮೇಲೆಯೇ ಇತ್ತು. ಒಪ್ಪಿಕೊಂಡರೆ ನೌಕರಿ ಹೋಗಬಹುದು, ಹಗ್ಗ ನನ್ನ ಕೈಗೂ ಬರಬಹುದು. ಸುಮ್ಮನಿದ್ದರೆ ಅವನು ಹೋಗುತ್ತಾನೆ.

“ಬರದಾಂವ ನಾನ್ರಿ, ಸಾಹೇಬ್ರ.”

ಒದ್ದೆ ಬಟ್ಟೆ ತೆಗೆದುಕೊಂಡು ಕೆಂಪು ಅಂಕಿಗಳನ್ನು ಒರೆಸಿದೆ. ಅರಗಿನ ಮೆರುಗಿನ ಮೇಲೆ ಶಾಯಿ ಹಿಡಿದಿರಲಿಲ್ಲ. ಅವನ ನಾಲ್ಕೂ ಆರೂ ಹೊರಬಂದವು. ಫೌಜದಾರ ಬೆರಳಿಟ್ಟು ಎಂಟು ಸಾಲುಗಳನ್ನೂ ಕೂಡಿದ. ಎಂಟಕ್ಕೆ ಎಂಟೂ ಹದಿನೈದೇ ಬಂದವು.

“ಒಂದು, ಒಂಬತ್ತು ಎಲ್ಲಿ ಹೋದವಲೇ?” ಎಂದು ಅವನು ಗೊಂಬೆಗಾರನನ್ನು ಕೇಳಿದ.

“ಒಂದು ಅಂದ್ರ ಹುಟ್ಟು, ಒಂಬತ್ತು ಅಂದ್ರ ಸಾವು; ಎರಡೂ ಆಡೋರ ಕೈಯಾಗ ಇಲ್ಲಲ್ರಿ, ಅದಕ್ಕ ಬಿಟ್ಟೇನ್ರಿ. ನಾಲ್ಕು ಎರಡು ಸಲ ಬಂದೈತಿ ಖರೆ, ಹೋದಾಂವ ಅದ ಮನಿಗೆ ತಿರುಗಿ ಬಂದ್ರ ಮದಲಿನಾಂವನ ಆಗಿರ್ತಾನೇನ್ರಿ?”

ಫೌಜದಾರ ಹಗ್ಗ ಬಿಚ್ಚಿದ. “ತಿದ್ದೂ ಚಟಾ ಹುಡುಗರ ಪಾಟಿಗಿರ್ಲಿ, ಮಾಸ್ತರ,” ಎಂದವನೇ ನನ್ನ ಹೆಸರನ್ನು ಬರೆದುಕೊಂಡು ಹೋದ.

ಆ ಹೆಸರು ಎಲ್ಲಿಗೆ ತಲುಪಿತೋ ತಿಳಿಯದು. ಮುಂದೆ ವರ್ಷಗಟ್ಟಲೆ, ಶಾಲೆಯ ಬಾಗಿಲಲ್ಲಿ ಬೂಟಿನ ಸಪ್ಪಳ ಕೇಳಿದರೆ ನಾನು ಮೊದಲು ಕೆಂಪು ದೌತಿಯನ್ನು ಮೇಜಿನೊಳಗೆ ಸರಿಸುತ್ತಿದ್ದೆ.